ಕಂಪ್ಯೂಟರ್ ತೆಗೆಯುವ ಮುನ್ನ

19 ಅಕ್ಟೋಬರ್ 2024, ಶನಿವಾರ

ನಮ್ಮ ಹಳೆಯ ಪಿಕಪ್‌ನ ಎಂಜಿನ್ ಕಂಪ್ಯೂಟರನ್ನು ತೆಗೆಯಲು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬದಲಾಯಿಸುವುದಾದರೆ, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೂ ಅದರ ಜೊತೆಗೇ ಬದಲಾಯಿಸಬೇಕು, ಎರಡರಲ್ಲಿ ಒಂದನ್ನು ಮಾತ್ರ ಮುಟ್ಟುವುದಾದರೆ ಯಾವುದನ್ನೂ ಮುಟ್ಟದಿರುವುದೇ ಮೇಲು ಎಂದು ಇಂದು ಸಂಜೆ ಭಾವನವರಿಗೆ ಫೋನಿನಲ್ಲಿ ವಿವರಿಸುತ್ತಿದ್ದೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, "ಸರಿಯಪ್ಪ, ಆ ಕಂಪ್ಯೂಟರ್ ಪೆಟ್ಟಿಗೆ ಇಷ್ಟು ವರ್ಷ ಮಾಡಿಕೊಂಡು ಬಂದ ಕೆಲಸಗಳನ್ನು ಇನ್ನು ಮುಂದೆ ಯಾರು ಮಾಡುತ್ತಾರೆ? ಒಂದೊಂದಾಗಿ ಹೇಳು ನೋಡೋಣ" ಎಂದರು. ಹೇಳುತ್ತಾ ಹೋದೆ. ಕೊನೆಯ ಕೆಲಸಕ್ಕೆ ಬಂದಾಗ ನನ್ನ ಬಳಿ ಉತ್ತರವಿರಲಿಲ್ಲ. ಫೋನ್ ಇಟ್ಟ ಮೇಲೂ ಅದೇ ಲೆಕ್ಕಾಚಾರ ತಲೆಯಲ್ಲಿ ನಡೆದಿರುವುದರಿಂದ ಬರೆದಿಡುತ್ತಿದ್ದೇನೆ.

ನಮ್ಮ ಫೋರ್ಡ್ ಪಿಕಪ್ 1980ರ ದಶಕದ ನಡುವಿನದು. ಅದರ 4.9 ಲೀಟರಿನ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಎಂಜಿನ್ ಬಗ್ಗೆ ನನಗೆ ಪ್ರೀತಿಯಲ್ಲದೆ ಬೇರೇನೂ ಇಲ್ಲ. 1965ರಲ್ಲಿ ಬಂದು 1996ರವರೆಗೆ ಮುಂದುವರಿದ ಆ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟನ್ನು ತಿರುಗಿಸಲು ಚೈನಿನ ಬದಲು ಗೇರುಗಳಿವೆ, ಕ್ರ್ಯಾಂಕ್‌ಶಾಫ್ಟನ್ನು ಏಳು ಬೇರಿಂಗುಗಳು ಹಿಡಿದಿವೆ. ತೊಂದರೆ ಇರುವುದು ಅದರ ಮೇಲೆ ಕೂರಿಸಿದ ಸಂಧಿಕಾಲದ ವ್ಯವಸ್ಥೆಯಲ್ಲಿ. 1987ರಲ್ಲಿ ಅದಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬರುವ ಮುಂಚಿನ ಕೆಲವು ವರ್ಷ, ಕಾರ್ಬ್ಯುರೇಟರನ್ನೇ ಉಳಿಸಿಕೊಂಡು ಅದರ ಹತೋಟಿಯನ್ನು ಕಂಪ್ಯೂಟರಿಗೆ ಒಪ್ಪಿಸಲಾಗಿತ್ತು. ಹೊಗೆ ಹೋಗುವ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಎಷ್ಟು ಆಮ್ಲಜನಕ ಉಳಿದಿದೆ ಎಂದು ತಿಳಿಸುತ್ತದೆ. ಅದನ್ನು ನೋಡಿಕೊಂಡು ಕಂಪ್ಯೂಟರ್ ಕಾರ್ಬ್ಯುರೇಟರಿನ ಒಂದು ಸೊಲೆನಾಯ್ಡನ್ನು, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಕವಾಟವನ್ನು, ಆಡಿಸಿ, ತೂಕದಲ್ಲಿ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಎಂಬ ಪ್ರಮಾಣದ ಆಸುಪಾಸಿನಲ್ಲಿ ಮಿಶ್ರಣವನ್ನು ಹಿಡಿದಿಡುತ್ತದೆ. ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕೆಂಬುದನ್ನೂ ಅದೇ ತೀರ್ಮಾನಿಸುವುದರಿಂದ ಡಿಸ್ಟ್ರಿಬ್ಯೂಟರಿನ ಒಳಗೆ ಹಿಂದೆ ಆ ಕೆಲಸ ಮಾಡುತ್ತಿದ್ದ ತೂಕಗಳೂ ಇಲ್ಲ, ಸ್ಪ್ರಿಂಗುಗಳೂ ಇಲ್ಲ, ಹೊರಗೆ ಎಂಜಿನ್‌ನ ಸೆಳೆತದಿಂದ ಆಡುವ ವ್ಯಾಕ್ಯೂಮ್ ಡಬ್ಬಿಯೂ ಇಲ್ಲ. ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಭಾಗವಾದ ಇಗ್ನಿಷನ್ ಮಾಡ್ಯೂಲ್ ಮಾತ್ರ ಡಿಸ್ಟ್ರಿಬ್ಯೂಟರಿನ ಪಕ್ಕೆಗೇ ಅಂಟಿಕೊಂಡು ಎಂಜಿನ್‌ನ ಕಾವನ್ನೆಲ್ಲ ಉಣ್ಣುತ್ತಿದೆ.

ಆ ಕಾವಿನಿಂದಲೇ ಈ ಕಥೆ ಶುರುವಾದದ್ದು. ಬಿಸಿಯಾದಾಗ ಕಿಡಿ ನಿಂತು ಗಾಡಿ ರಸ್ತೆಯಲ್ಲಿ ನಿಲ್ಲುತ್ತದೆ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮೀಟರ್ ಹಿಡಿದು ಪರೀಕ್ಷಿಸಲು ಹೊರಟಾಗ ಎಲ್ಲವೂ ಸರಿಯಾಗಿರುತ್ತದೆ. ಇದರಷ್ಟು ಜೀವ ಹಿಂಡುವ ತೊಂದರೆ ಇನ್ನೊಂದನ್ನು ನಾನು ಕಂಡಿಲ್ಲ.

"ಹಾಗಾದರೆ ಕೆಟ್ಟಿರುವುದನ್ನೇ ಸರಿಪಡಿಸಬಾರದೇಕೆ?" ಎಂದು ಭಾವ ಮೊದಲೇ ಕೇಳಿದ್ದರು. ಮಾಡ್ಯೂಲ್ ಸಿಗುತ್ತದೆ, ಆದರೆ ಕಂಪ್ಯೂಟರಿನ ಅಧೀನದಲ್ಲಿರುವ ಆ ಕಾರ್ಬ್ಯುರೇಟರಿನ ಸೊಲೆನಾಯ್ಡ್ ಮತ್ತು ಎಕ್ಸಲರೇಟರ್ ಎಷ್ಟು ತುಳಿದಿದೆ ಎಂದು ತಿಳಿಸುವ ಥ್ರಾಟಲ್ ಸೆನ್ಸರುಗಳನ್ನು ಒಳ್ಳೆಯ ಸ್ಥಿತಿಯಲ್ಲಿ ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ ಎಂದೆ. ಅವರು ಒಪ್ಪಲಿಲ್ಲ. "ಒಣಗಿ ಸೀಳಿದ ವ್ಯಾಕ್ಯೂಮ್ ಪೈಪುಗಳನ್ನು ಬದಲಾಯಿಸದೆ ಸೆನ್ಸರಿನ ಮೇಲೆ ತಪ್ಪು ಹೊರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ನೀನು ಹಾಗೆ ಮಾಡಬೇಡ" ಎಂದರು. ಅದು ನ್ಯಾಯವಾದ ಮಾತು.

ಒಂದನ್ನೇ ಬದಲಾಯಿಸಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯಬೇಕು, ಏಕೆಂದರೆ ಬಹಳ ಜನ ಎಡವುವುದು ಇಲ್ಲಿಯೇ. ಹಳೆಯ ಮಾದರಿಯ ಸಾದಾ ಕಾರ್ಬ್ಯುರೇಟರಿಗೆ ಥ್ರಾಟಲ್ ಸೆನ್ಸರ್ ಇರುವುದಿಲ್ಲ. ಆ ಸೆನ್ಸರಿನ ಸುದ್ದಿ ನಿಂತಕೂಡಲೇ ಕಂಪ್ಯೂಟರ್ ತನ್ನ ಆಪತ್ಕಾಲದ ಕ್ರಮಕ್ಕೆ ಇಳಿದು, ಕಿಡಿಯನ್ನು ಮುಂದಕ್ಕೆ ತರುವ, ಅಂದರೆ ಇನ್ನೂ ಬೇಗ ಹಾರಿಸುವ, ಕೆಲಸವನ್ನು ಕೈಬಿಟ್ಟು, ಮೂಲ ಟೈಮಿಂಗ್ ಆದ 10 ಡಿಗ್ರಿಯ ಬಳಿಯಲ್ಲೇ ಉಳಿದುಬಿಡುತ್ತದೆ. ಎಂಜಿನ್ ಓಡುತ್ತದೆ, ಆದರೆ ಎಳೆತವಿರುವುದಿಲ್ಲ. ಉರಿ ತಡವಾಗಿ ಮುಗಿಯುವುದರಿಂದ ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಕಾಯುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ. ಮಾಲೀಕ ಹೊಸ ಕಾರ್ಬ್ಯುರೇಟರನ್ನು ಶಪಿಸುತ್ತಾ, ಪೆಟ್ರೋಲ್ ಹರಿಯುವ ಸಣ್ಣ ತೂತುಗಳಾದ ಜೆಟ್‌ಗಳನ್ನು ಬದಲಾಯಿಸುತ್ತಾ ಕೂರುತ್ತಾನೆ.

ಇನ್ನು ಭಾವನವರು ಕೇಳಿದ ಲೆಕ್ಕ. ಎಂಜಿನ್ ವೇಗ ಹೆಚ್ಚಿದಂತೆ ಕಿಡಿಯನ್ನು ಮುಂದಕ್ಕೆ ತರುವುದು ಯಾರು? ಹಳೆಯ ಮಾದರಿಯ ಡಿಸ್ಟ್ರಿಬ್ಯೂಟರಿನ ತಳದಲ್ಲಿರುವ ಎರಡು ತೂಕಗಳು. ತಿರುಗುವ ಬಿರುಸಿಗೆ ಅವು ಹೊರಕ್ಕೆ ಸರಿಯುತ್ತವೆ, ಸ್ಪ್ರಿಂಗುಗಳು ಹಿಂದಕ್ಕೆ ಎಳೆಯುತ್ತವೆ, ಆ ಎರಡರ ಜಗ್ಗಾಟದಲ್ಲಿ ಟೈಮಿಂಗ್ ತಾನೇ ಹೊಂದಿಕೊಳ್ಳುತ್ತದೆ. ಹಗುರವಾಗಿ ಓಡಿಸುವಾಗ ಮಿಶ್ರಣ ನಿಧಾನವಾಗಿ ಉರಿಯುವುದರಿಂದ ಕಿಡಿ ಇನ್ನೂ ಬೇಗ ಬೇಕು. ಅದನ್ನು ವ್ಯಾಕ್ಯೂಮ್ ಡಬ್ಬಿಯ ಪೊರೆ ನೋಡಿಕೊಳ್ಳುತ್ತದೆ. ಎಕ್ಸಲರೇಟರನ್ನು ಪೂರ್ತಿ ತುಳಿದಾಗ ಹೆಚ್ಚು ಪೆಟ್ರೋಲ್ ಕೊಡುವುದು ಯಾರು? ಮುಖ್ಯ ಜೆಟ್‌ನೊಳಗೆ ಇಳಿಬಿಟ್ಟಿರುವ ಮೀಟರಿಂಗ್ ಕಡ್ಡಿ. ಹೊರೆ ಹೆಚ್ಚಿ ವ್ಯಾಕ್ಯೂಮ್ ಕಡಿಮೆಯಾದಾಗ ಅದು ಮೇಲೇಳುತ್ತದೆ, ಜೆಟ್‌ನ ದಾರಿ ಅಗಲವಾಗುತ್ತದೆ. ಚಳಿಯಲ್ಲಿ ಗಾಳಿಯನ್ನು ತಡೆದು ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸುವ ಚೋಕ್ ನೋಡಿಕೊಳ್ಳುವುದು? ಕರೆಂಟಿನಿಂದ ಕಾಯುವ ಸ್ಪ್ರಿಂಗ್ ಸುರುಳಿ. ಇದಕ್ಕೆ ಬ್ಯಾಟರಿಯ 12 ವೋಲ್ಟ್ ಕೊಡದೆ, ಆಲ್ಟರ್ನೇಟರಿನ ಸ್ಟೇಟರ್ ತುದಿಯಿಂದ ಬರುವ ಸುಮಾರು 7 ವೋಲ್ಟನ್ನೇ ಕೊಡಬೇಕು. ಇಲ್ಲವಾದರೆ ಎಂಜಿನ್ ಬಿಸಿಯಾಗುವ ಮೊದಲೇ ಚೋಕ್ ತೆರೆದುಕೊಂಡು ಬೆಳಗ್ಗೆ ಗಾಡಿ ಮುಗ್ಗರಿಸುತ್ತದೆ. ಹೊಸ ಮಾಡ್ಯೂಲನ್ನು ಎಂಜಿನ್‌ನಿಂದ ದೂರ, ಬಾನೆಟ್ ಪಕ್ಕದ ತಗಡಿನ ಮೇಲೆ ಕೂರಿಸುತ್ತೇನೆ. ಅದಕ್ಕೆ ಸ್ಟಾರ್ಟ್ ಮಾಡುವಾಗ ಒಂದು ದಾರಿಯಿಂದ, ಓಡುವಾಗ ಇನ್ನೊಂದು ದಾರಿಯಿಂದ ಕರೆಂಟ್ ಬರಬೇಕು, ಮತ್ತು ಅದರ ಅರ್ಥಿಂಗ್ ಡಿಸ್ಟ್ರಿಬ್ಯೂಟರಿನ ಕಪ್ಪು ವೈರಿನ ಮೂಲಕ ಸಿಗುತ್ತದೆ. ಆ ಒಂದು ವೈರ್ ಸಡಿಲವಾದರೆ ಉಳಿದದ್ದೆಲ್ಲ ಹೊಸದಾಗಿದ್ದರೂ ಕಿಡಿ ಇರುವುದಿಲ್ಲ.

ಇಷ್ಟನ್ನು ಹೇಳುವಾಗ ನನಗೆ ಆಗುತ್ತಿದ್ದ ಸಂತೋಷ ಭಾವನವರಿಗೆ ದನಿಯಲ್ಲೇ ತಿಳಿದಿರಬೇಕು. ಮೇಜಿನ ಮೇಲೆ ಬಿಚ್ಚಿಟ್ಟಿರುವ ಆ ಡಿಸ್ಟ್ರಿಬ್ಯೂಟರಿನ ತೂಕಗಳನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ಬಿಟ್ಟರೆ ಅವು ಸ್ಪ್ರಿಂಗಿನ ಸೆಳೆತಕ್ಕೆ ತಮ್ಮ ಜಾಗಕ್ಕೆ ಮರಳುತ್ತವೆ. ಸ್ಪ್ರಿಂಗ್ ಸವೆದರೆ ಕಣ್ಣಿಗೆ ಕಾಣುತ್ತದೆ, ಪೊರೆ ಹರಿದರೆ ಪೈಪನ್ನು ಬಾಯಿಗಿಟ್ಟು ಎಳೆದು ನೋಡಿದರೆ ತಿಳಿಯುತ್ತದೆ. ಕತ್ತಲಲ್ಲಿ ರಸ್ತೆಯ ಬದಿಯಲ್ಲಿ ಗಾಡಿ ನಿಂತರೂ, ಒಂದು ಟಾರ್ಚ್ ಮತ್ತು ನಾಲ್ಕು ಸ್ಪ್ಯಾನರುಗಳಿದ್ದರೆ ತೊಂದರೆಯ ಮೂಲಕ್ಕೆ ಹೋಗಬಹುದು. ನನಗೆ ಬೇಕಾಗಿರುವ ಸರಳತೆ ಇದು.

"ಎಲ್ಲ ಸರಿ. ಆಕ್ಸಿಜನ್ ಸೆನ್ಸರ್ ಮಾಡುತ್ತಿದ್ದ ಕೆಲಸ?"

ಅದನ್ನು ಮಾಡುವವರು ಯಾರೂ ಇಲ್ಲ. ತೂಕಕ್ಕೂ ಸ್ಪ್ರಿಂಗಿಗೂ ಪೊರೆಗೂ ಹೊಗೆಯನ್ನು ಅಳೆಯುವ ಶಕ್ತಿಯಿಲ್ಲ. ಸಾದಾ ಕಾರ್ಬ್ಯುರೇಟರ್ ತನ್ನೊಳಗೆ ಎಷ್ಟು ಗಾಳಿ ಹರಿಯುತ್ತಿದೆ ಎಂಬುದನ್ನು ಬಲ್ಲದು, ಆ ಗಾಳಿ ಎಷ್ಟು ತೆಳುವಾಗಿದೆ ಎಂಬುದನ್ನು ಅರಿಯದು. ಹಾಗಾಗಿ ಎತ್ತರದ ಜಾಗಕ್ಕೆ ಏರಿದಂತೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತಾ ಹೋಗುತ್ತದೆ. ಮೂರು ಬಗೆಯ ವಿಷಗಳನ್ನೂ ಒಟ್ಟಿಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, 14.7ರ ಆಚೀಚಿನ ತೀರ ಕಿರಿದಾದ ಪಟ್ಟಿಯಲ್ಲಿ ಮಾತ್ರ ಪೂರ್ತಿಯಾಗಿ ಕೆಲಸ ಮಾಡುತ್ತದೆ. ಪೆಟ್ರೋಲ್ ಹೆಚ್ಚಾದರೆ ಕಾರ್ಬನ್ ಮಾನಾಕ್ಸೈಡ್ ಉಳಿದುಕೊಳ್ಳುತ್ತದೆ, ಗಾಳಿ ಹೆಚ್ಚಾದರೆ ನೈಟ್ರೋಜನ್ ಆಕ್ಸೈಡುಗಳು ಉಳಿಯುತ್ತವೆ, ಉರಿಯದ ಪೆಟ್ರೋಲ್ ಒಳಗೆ ಹೋದರೆ ಕನ್ವರ್ಟರೇ ಕಾದು ಹಾಳಾಗುತ್ತದೆ. ಮಿಶ್ರಣದ ಪ್ರಮಾಣವನ್ನು ಅಂಕಿಯಲ್ಲಿ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರಿನ ಮೀಟರ್ ಇಟ್ಟುಕೊಂಡು ಜೆಟ್ ಮತ್ತು ಕಡ್ಡಿಗಳನ್ನು ಹೊಂದಿಸುತ್ತೇನೆ, ಕ್ರ್ಯಾಂಕ್‌ಕೇಸಿನ ವಾಲ್ವನ್ನೂ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಯನ್ನೂ ಹಾಗೆಯೇ ಉಳಿಸುತ್ತೇನೆ ಎಂದೆ. "ನೀನು ಹೊಂದಿಸುವುದು ಒಂದು ದಿನ, ಅದು ಓಡುವುದು ಎಲ್ಲ ದಿನ" ಎಂದರು ಭಾವ.

ಕಾನೂನಿನ ಮಾತೂ ಬಂತು. ಅಮೆರಿಕದ 1970ರ ಶುದ್ಧ ವಾಯು ಕಾಯಿದೆಗೆ 1990ರಲ್ಲಿ ಆದ ತಿದ್ದುಪಡಿಯ ನಂತರ, ಕಾರ್ಖಾನೆಯಿಂದ ಬಂದ ಹೊಗೆ ನಿಯಂತ್ರಣದ ಭಾಗಗಳನ್ನು ತಿಳಿದೂ ತೆಗೆದುಹಾಕುವ ನಿಷೇಧ ಗ್ಯಾರೇಜಿನವರಿಗಷ್ಟೇ ಅಲ್ಲ, ಸ್ವಂತ ಗಾಡಿಗೆ ಕೈ ಹಾಕುವ ಮಾಲೀಕನಿಗೂ ಅನ್ವಯಿಸುತ್ತದೆ. ಕ್ಯಾಲಿಫೋರ್ನಿಯದ ಹೊಗೆ ತಪಾಸಣೆಯಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗಳಿಗೆ ವಿನಾಯಿತಿ ಇದೆ. ನಮ್ಮದು ಆ ಗೆರೆಯ ಈಚೆಗಿದೆ. ತಪಾಸಣೆಯೇ ಇಲ್ಲದ ಕಡೆ ಯಾರೂ ಬಾನೆಟ್ ಎತ್ತಿ ನೋಡುವುದಿಲ್ಲವೆಂಬುದು ನಿಜ, ಆದರೆ ಯಾರೂ ನೋಡುವುದಿಲ್ಲ ಎಂಬ ಕಾರಣಕ್ಕೆ ಮಾಡುವ ಕೆಲಸ ನನಗೆ ಒಗ್ಗುವುದಿಲ್ಲ. ಅದೇ ಕಾಲದಲ್ಲಿ, ಒಟ್ಟು ತೂಕದ ಮಿತಿ 8500 ಪೌಂಡಿಗಿಂತ ಹೆಚ್ಚಿದ್ದ ಭಾರೀ ಪಿಕಪ್‌ಗಳಿಗೆ ಇದೇ ಎಂಜಿನ್ ಕಂಪ್ಯೂಟರಿಲ್ಲದೆ, ಸಾದಾ ಕಾರ್ಬ್ಯುರೇಟರ್ ಮತ್ತು ತೂಕಗಳಿರುವ ಡಿಸ್ಟ್ರಿಬ್ಯೂಟರಿನೊಂದಿಗೆ ಬರುತ್ತಿತ್ತು. ನಾನು ತಂದಿರುವ ಭಾಗಗಳೂ ಅಂಥ ಗಾಡಿಗಳವೇ. ಎಂಜಿನ್‌ಗೆ ಅವು ಪರಕೀಯವಲ್ಲ. ಆದರೂ ಬಾನೆಟ್ ಕೆಳಗಿನ ಚೀಟಿಯಲ್ಲಿ ನಮ್ಮ ಗಾಡಿಯ ವರ್ಗ ಬೇರೆ ಎಂದು ಅಚ್ಚಾಗಿದೆ, ಆ ಚೀಟಿಯನ್ನು ನಾನು ಓದಿಲ್ಲವೆಂದು ಹೇಳಲಾರೆ.

ಭಾವ ಫೋನ್ ಇಡುವ ಮೊದಲು ಮೂರನೆಯ ದಾರಿಯೊಂದನ್ನು ಹೇಳಿದರು. ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರಿನ ಮೈಯಿಂದ ಬಿಡಿಸಿ, ಉದ್ದದ ವೈರಿನಲ್ಲಿ ದೂರಕ್ಕೆ ಒಯ್ದು, ದಪ್ಪ ಅಲ್ಯೂಮಿನಿಯಂ ತುಂಡಿನ ಮೇಲೆ ಶಾಖ ಸಾಗಿಸುವ ಗ್ರೀಸ್ ಸವರಿ ಕೂರಿಸುವುದು. ಮುಂದಿನ ವರ್ಷಗಳಲ್ಲಿ ಕಾರ್ಖಾನೆಯವರೂ ಮಾಡ್ಯೂಲನ್ನು ಹೀಗೆ ಬೇರ್ಪಡಿಸಿದರು. ಕಾವಿಗೆ ಕಿಡಿ ನಿಲ್ಲುವ ತೊಂದರೆ ಅಷ್ಟರಿಂದಲೇ ತೀರಬಹುದು, ಕಂಪ್ಯೂಟರೂ ಸೆನ್ಸರೂ ಕನ್ವರ್ಟರೂ ತಮ್ಮ ತಮ್ಮ ಕೆಲಸದಲ್ಲಿ ಉಳಿಯುತ್ತವೆ. ಹಾಗೆ ಮಾಡುವುದಾದರೆ ಮೊದಲು ವ್ಯಾಕ್ಯೂಮ್ ಪೈಪುಗಳನ್ನೆಲ್ಲ ಬದಲಾಯಿಸಿ, ಸೊಲೆನಾಯ್ಡ್ ಇನ್ನೂ ಆಡುತ್ತಿದೆಯೇ ಎಂದು ಮೀಟರಿನಲ್ಲಿ ನೋಡಬೇಕು. ಆಡುತ್ತಿದ್ದರೆ ಭಾವನವರ ಮಾತೇ ಸರಿ. ಆಡದಿದ್ದರೆ, ಮತ್ತು ಒಳ್ಳೆಯದೊಂದು ಎಲ್ಲಿಯೂ ಸಿಗದಿದ್ದರೆ, ಕೆಟ್ಟ ಸೊಲೆನಾಯ್ಡಿನ ಗಾಡಿ ಹೊರಬಿಡುವ ಹೊಗೆಗೂ ಚೆನ್ನಾಗಿ ಹೊಂದಿಸಿದ ಸಾದಾ ಕಾರ್ಬ್ಯುರೇಟರಿನ ಹೊಗೆಗೂ ಹೋಲಿಕೆ ಮಾಡಿ ನೋಡಬೇಕಾಗುತ್ತದೆ, ಅದಕ್ಕೆ ವೈಡ್‌ಬ್ಯಾಂಡ್ ಮೀಟರ್ ಒಂದೇ ಸಾಲದು, ನೈಟ್ರೋಜನ್ ಆಕ್ಸೈಡನ್ನು ಅಳೆಯುವ ಯಂತ್ರವಿರುವ ಕಡೆಗೆ ಗಾಡಿಯನ್ನು ಒಯ್ಯಬೇಕು.