ಕೊನೆಗಾಲದಲ್ಲಿ ತಿರುಗಿಕೊಂಡರೆ ಸಾಲದೇ?

ಕ್ರೈಸ್ತ ನಂಬಿಕೆಯ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ದೇವರು ದೀರ್ಘಶಾಂತನು ಅಂತೀರಿ. ಶಿಲುಬೆಯ ಮೇಲಿದ್ದ ಕಳ್ಳನಿಗೂ ಕೊನೆಗಳಿಗೆಯಲ್ಲಿ ಕ್ಷಮೆ ಸಿಕ್ಕಿತು. ಹಾಗಿದ್ದ ಮೇಲೆ ಈಗಲೇ ಪಶ್ಚಾತ್ತಾಪಪಡಿ ಅಂತ ಅವಸರ ಯಾಕೆ?" ಅದರ ಬೆನ್ನಿಗೇ ಇನ್ನೊಂದು: "ನ್ಯಾಯತೀರ್ಪು ಬರುತ್ತೆ, ಬರುತ್ತೆ ಅಂತ ಎರಡು ಸಾವಿರ ವರ್ಷ ಆಯಿತು. ಎಲ್ಲಿ ಬಂತು?"

ಎರಡನೆಯದನ್ನು ಮೊದಲು ಮುಗಿಸೋಣ. ಇದು ಹೊಸ ಪ್ರಶ್ನೆಯಲ್ಲ. ಬೈಬಲಿನಲ್ಲಿ ಪೇತ್ರನ 2ನೆಯ ಪತ್ರದ 3ನೇ ಅಧ್ಯಾಯದಲ್ಲಿ ಕುಚೋದ್ಯಗಾರರು ಕೇಳುವುದೂ ಇದನ್ನೇ. ಅಲ್ಲಿನ ಉತ್ತರ ನೇರವಾಗಿದೆ: ಇದು ತಡವಲ್ಲ, ತಾಳ್ಮೆ, ಯಾರೂ ನಾಶವಾಗದೆ ಎಲ್ಲರೂ ತಿರುಗಿಕೊಳ್ಳಲಿ ಎಂದು ಕೊಟ್ಟ ಸಮಯ. ಮರುವಚನದಲ್ಲೇ, ಆ ದಿನ ಕಳ್ಳ ಬಂದ ಹಾಗೆ ಬರುತ್ತದೆ ಎಂದೂ ಇದೆ. ಇಷ್ಟಾದರೂ, ಒಂದು ದಿನ ಸಾವಿರ ವರ್ಷದಂತೆ ಎಂಬ ಅಲ್ಲಿನ ಮಾತನ್ನೇ ಹಿಡಿದು ಗುಣಾಕಾರ ಮಾಡಿ ತಾರೀಖು ಹೇಳುವವರಿದ್ದಾರೆ. ಬೈಬಲಿನ ಬೇರೆ ವಚನದ ಲೆಕ್ಕ ಹಿಡಿದು ಅಮೆರಿಕದಲ್ಲಿ ಬೋಧಕ ವಿಲಿಯಂ ಮಿಲ್ಲರನ ಹಿಂಬಾಲಕರು ಸಾವಿರಗಟ್ಟಲೆ ಮಂದಿ 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು. 23ರ ಬೆಳಗೂ ಎಂದಿನಂತೆ ಆಯಿತು. ತಾರೀಖು ಕೊಟ್ಟು ಬರುವವನನ್ನು ಕಳ್ಳ ಎನ್ನುವುದಿಲ್ಲವಲ್ಲ.

ಈಗ ಮೊದಲನೆಯದು. ದೀರ್ಘಶಾಂತ ಎಂದು ನಾವು ಓದುವ ಪದ ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ, ಹೊನ್ನಿನ ಕರುವನ್ನು ಪೂಜಿಸಿದ ಜನರಿಗಾಗಿ ಎರಡನೆಯ ಸಲ ಕಲ್ಲಿನ ಹಲಗೆಗಳನ್ನು ಕೊಡುವಾಗ ಬರುತ್ತದೆ. ಹೀಬ್ರೂ ಮೂಲದಲ್ಲಿ ಅದು 'ಎರೆಕ್ ಅಪ್ಪಯಿಮ್', ಅಂದರೆ ಅಕ್ಷರಶಃ ಮೂಗಿನ ಹೊಳ್ಳೆ ಉದ್ದವಾಗಿರುವವನು. ಕೋಪ ಮೂಗಿನಲ್ಲಿ ಉರಿಯುತ್ತದೆ ಎಂಬುದು ಅವರ ನುಡಿಗಟ್ಟು. ಮೂಗಿನ ತುದಿಯಲ್ಲೇ ಕೋಪ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇವರ ಕೋಪ ತುದಿಗೆ ಬರಲು ಬಹಳ ದೂರ ಸಾಗಬೇಕು. ಆದರೆ ಬರುವುದೇ ಇಲ್ಲ ಎಂದಲ್ಲ. ಅಪರಾಧವನ್ನು ಶಿಕ್ಷಿಸದೆ ಬಿಡುವವನಲ್ಲ ಎಂಬ ಮಾತೂ ಅದೇ ಉಸಿರಿನಲ್ಲಿದೆ. ಅರ್ಧ ವಾಕ್ಯ ಓದಿ ಪುಸ್ತಕ ಮುಚ್ಚಿದರೆ ಮಾತ್ರ 'ಅವಸರ ಯಾಕೆ' ಎಂಬ ಪ್ರಶ್ನೆ ಹುಟ್ಟುತ್ತದೆ.

ಆ ದೂರದಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯನ್ನು ನೋಡಬೇಕು. ದ್ರಾಕ್ಷಿ ತೋಟದೊಳಗೆ ಒಂದು ಅಂಜೂರದ ಮರ. ಯಜಮಾನ ಮೂರು ವರ್ಷ ಬಂದು ಬಂದು ನೋಡಿದ್ದಾನೆ, ಹಣ್ಣಿಲ್ಲ. ಕಡಿದುಹಾಕು, ನೆಲವಾದರೂ ಯಾಕೆ ಹಾಳಾಗಬೇಕು ಎನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ. ಸುಮ್ಮನೆ ಕೇಳುವುದಿಲ್ಲ: ಸುತ್ತ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ, ಆಮೇಲೂ ಫಲ ಬಿಡದಿದ್ದರೆ ಕಡಿಸಿಬಿಡು. ಬೈಬಲಿನ ದೀರ್ಘಶಾಂತಿ ಇದೇ. ಕೈಕಟ್ಟಿ ಕೂತ ಸಹನೆಯಲ್ಲ, ಬುಡ ಅಗೆಯುವ ಸಹನೆ. ಬುಡ ಅಗೆದಾಗ ಮರಕ್ಕೆ ಹಿತವಾಗಿಯೇ ಇರುತ್ತದೆ ಎನ್ನಲಾಗದು. ಗಡುವು ಇದೆ ಎಂಬುದನ್ನು ಮರದ ಪರ ವಾದಿಸಿದವನೇ ಒಪ್ಪಿಕೊಂಡಿದ್ದಾನೆ. ಮರುವರ್ಷ ಏನಾಯಿತು ಎಂದು ಯೇಸು ಹೇಳಲಿಲ್ಲ.

ಮುಂದೂಡುವುದರಲ್ಲಿ ನಿಜವಾದ ಅಪಾಯ ದೇವರಿಗೆ ಬೇಸರ ಬರುವುದಲ್ಲ, ನಮಗೆ ಅಭ್ಯಾಸವಾಗುವುದು. ಐಗುಪ್ತದಲ್ಲಿ ಕಪ್ಪೆಗಳ ಉಪದ್ರವ ಬಂದಾಗ ಹಾಸಿಗೆ, ಒಲೆ, ಹಿಟ್ಟು ನಾದುವ ಹರಿವಾಣ, ಎಲ್ಲೆಲ್ಲೂ ಕಪ್ಪೆಗಳೇ. ಅವು ಯಾವಾಗ ಹೋಗಬೇಕೋ ನೀನೇ ಹೇಳು ಎಂದು ಮೋಶೆ ಕೇಳಿದರೆ ಅಲ್ಲಿನ ರಾಜ ಫರೋಹನ ಉತ್ತರ: "ನಾಳೆ." ಇನ್ನೊಂದು ರಾತ್ರಿ ಕಪ್ಪೆಗಳ ಜೊತೆ ಮಲಗಲೂ ಸಿದ್ಧ! ಮರುದಿನ ಅವು ಸತ್ತವು, ಕೊಂಚ ಉಪಶಮನವಾಯಿತು. ಆದದ್ದೇ ತಡ, ಅವನು ಹೃದಯವನ್ನು ಮೊಂಡುಮಾಡಿಕೊಂಡ. ಬಿಡುವು ಸಿಕ್ಕಾಗಲೆಲ್ಲ ಹೀಗಾದರೆ ಕೊನೆಗಾಲದಲ್ಲಿ ತಿರುಗಿಕೊಳ್ಳಲು ಮನಸ್ಸೇ ಉಳಿದಿರುವುದಿಲ್ಲ.

ಇನ್ನು ಆ ಕಳ್ಳನ ವಿಷಯ. ಶಿಲುಬೆಗೇರಿಸಿದ ಅಪರಾಧಿಗಳು ಇಬ್ಬರು. ಅದೇ ದಿನ, ಅದೇ ನೋವು, ಯೇಸು ಇಬ್ಬರಿಗೂ ಪಕ್ಕದಲ್ಲೇ. ಒಬ್ಬ ಬೇಡಿಕೊಂಡ, ಇನ್ನೊಬ್ಬ ಸಾಯುವ ಹೊತ್ತಿನಲ್ಲೂ ಹೀಯಾಳಿಸಿದ. ಸಾವು ಹತ್ತಿರ ಬಂದ ಮಾತ್ರಕ್ಕೆ ಪಶ್ಚಾತ್ತಾಪ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಆ ಎರಡನೆಯವನೇ ಸಾಕ್ಷಿ. ಅವನನ್ನು ಮಾತ್ರ ಯಾರೂ ಉದಾಹರಣೆಗೆ ತರುವುದಿಲ್ಲ.

ಸರಿ, ತಿರುಗಿಕೊಳ್ಳುವುದು ಎಂದರೆ ಮಾಡಬೇಕಾದ್ದೇನು? ಗ್ರೀಕಿನ 'ಮೆತಾನೊಯಿಯಾ' ಮನಸ್ಸು ಬದಲಾಗುವುದು, ಹೀಬ್ರೂವಿನ 'ಶೂವ್' ಹೋಗುತ್ತಿದ್ದ ದಾರಿಯಿಂದ ಹಿಂದಿರುಗುವುದು. ಅಳು ಬರಬಹುದು, ಬರದೆಯೂ ಇರಬಹುದು. ಹೆಚ್ಚಿನವರು ಎಡವುವುದು ಇಲ್ಲೇ: ವ್ಯಥೆಯನ್ನೇ ಪಶ್ಚಾತ್ತಾಪ ಎಂದುಕೊಳ್ಳುತ್ತಾರೆ. ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಶಿಷ್ಯ ಯೂದನಿಗೂ ವ್ಯಥೆಯಾಯಿತು. 30 ಬೆಳ್ಳಿ ನಾಣ್ಯ ಹಿಂದಕ್ಕೆ ಕೊಟ್ಟ, ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ಆದರೆ ಹೇಳಿದ್ದು ಯಾಜಕರ ಮುಂದೆ. ಹಿಡಿದುಕೊಟ್ಟದ್ದು ಯಾರನ್ನೋ ಅವನ ಕಡೆ ತಿರುಗಲಿಲ್ಲ. ಯೇಸುವನ್ನು ಅರಿಯೆ ಎಂದ ಪೇತ್ರನೂ ಅದೇ ರಾತ್ರಿ ಬಿಕ್ಕಿ ಬಿಕ್ಕಿ ಅತ್ತ, ಆಮೇಲೆ ಯೇಸುವಿನ ಬಳಿಗೇ ಬಂದ.

ಎರಡನೆಯ ತಪ್ಪು, 'ನಾನು ಪಾಪಿ' ಎಂದು ಒಟ್ಟಾರೆ ಹೇಳಿ ಮುಗಿಸುವುದು. ಹೆಸರಿಡದ ಪಾಪವನ್ನು ಬಿಡುವುದೂ ಆಗುವುದಿಲ್ಲ. ಯಾರಿಗೆ, ಏನು, ಎಷ್ಟು ಎಂದು ಹೇಳಬೇಕು. ಕಥೋಲಿಕರು ಗುರುಗಳ ಮುಂದೆ ಪಾಪನಿವೇದನೆ ಮಾಡುತ್ತಾರೆ, ಪ್ರಾಟೆಸ್ಟೆಂಟರು ನೇರವಾಗಿ ದೇವರಿಗೆ ಅರಿಕೆ ಮಾಡುತ್ತಾರೆ. ಸ್ಪಷ್ಟತೆ ಎರಡು ಕಡೆಯೂ ಬೇಕು.

ಮೂರನೆಯದು, ಹಿಂದಿರುಗಿಸುವುದನ್ನು ಮರೆಯುವುದು. ಯಾಜಕಕಾಂಡ 6ರ ಲೆಕ್ಕ ಖಚಿತ: ಮೋಸದಿಂದ ಪಡೆದ ಮೂಲಧನ, ಅದರ ಮೇಲೆ ಐದರಲ್ಲೊಂದು ಪಾಲು. 100ಕ್ಕೆ 120. ನಷ್ಟ ಅನುಭವಿಸಿದವನು ತೀರಿಕೊಂಡು ಹತ್ತಿರದ ಸಂಬಂಧಿಕನೂ ಇಲ್ಲದಿದ್ದರೆ ಆ ಹಣ ಯಾಜಕನಿಗೆ ಸೇರಬೇಕು ಎನ್ನುತ್ತದೆ ಅರಣ್ಯಕಾಂಡ 5; ಅಂತೂ ತೆಗೆದುಕೊಂಡವನ ಜೇಬಿನಲ್ಲಿ ಉಳಿಯುವಂತಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಮೋಸದಿಂದ ಪಡೆದದ್ದರ ನಾಲ್ಕರಷ್ಟು ಕೊಡುತ್ತೇನೆ ಎಂದ, ಆಸ್ತಿಯಲ್ಲಿ ಅರ್ಧ ಬಡವರಿಗೆ ಎಂದ. ಇದು ಕ್ಷಮೆಗೆ ತೆತ್ತ ಬೆಲೆಯಲ್ಲ. ಯೇಸು ಅವನ ಮನೆಗೆ ಬರುತ್ತೇನೆ ಎಂದದ್ದು ಮೊದಲು, ಜಕ್ಕಾಯ ಈ ಲೆಕ್ಕ ಹೇಳಿದ್ದು ಆಮೇಲೆ.

ಇಷ್ಟೆಲ್ಲ ಮಾಡಿಯೂ ಮತ್ತೆ ಬಿದ್ದರೆ? ದಿನಕ್ಕೆ ಏಳು ಸಲ ತಪ್ಪು ಮಾಡಿ ಏಳು ಸಲವೂ ತಿರುಗಿ ಬಂದವನನ್ನು ಕ್ಷಮಿಸಿರಿ ಎಂದು ಯೇಸು ಶಿಷ್ಯರಿಗೆ ಹೇಳಿದ್ದು ಲೂಕ 17ರಲ್ಲಿದೆ. ಮನುಷ್ಯರಿಂದಲೇ ಅಷ್ಟು ಕೇಳಿದವನು ತಾನು ಅದಕ್ಕಿಂತ ಕಡಿಮೆ ಕೊಡುವುದಿಲ್ಲ. ಆದರೆ ಆ ಮನುಷ್ಯ ಏಳು ಸಲವೂ ಅದೇ ದಿನ ಬಂದಿದ್ದಾನೆ.