ಹತ್ತಡಿ ಹಗ್ಗ, ಏಳಡಿ ಗಂಟು

ಕಲಬುರಗಿಯಲ್ಲಿ ಹವಾಮಾನ ನೀತಿಯ ಮೇಲೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕ್ಷೇತ್ರ ಸಂಯೋಜಕ. ಲಾಭಕ್ಕಾಗಿ ಇರುವ ಸಂಸ್ಥೆಯಲ್ಲ. ಸೇಡಂ ರಸ್ತೆ ಕಡೆ ಒಂದು ಬಾಡಿಗೆ ಮನೆಯೇ ನಮ್ಮ ಆಫೀಸು, ಕೈಬೆರಳಲ್ಲಿ ಎಣಿಸುವಷ್ಟು ಜನ. ಹಳ್ಳಿಗೆ ಹೋದಾಗ "ಹವಾಮಾನ ಅಂದ್ರ, ಮಳಿ ಯಾವಾಗ ಬರ್ತದ ಅಂತ ಹೇಳವ್ರೇನ್ರಿ ನೀವು?" ಅಂತ ಕೇಳುತ್ತಾರೆ. ಮೊದಲ ವರ್ಷ ಈ ಪ್ರಶ್ನೆಗೆ ನಾನು ಉದ್ದುದ್ದ ಉತ್ತರ ಕೊಡುತ್ತಿದ್ದೆ. ಅದನ್ನು ಯಾರೂ ಕೊನೆಯವರೆಗೆ ಕೇಳಿಸಿಕೊಂಡಿದ್ದು ನೆನಪಿಲ್ಲ. ಈಗ ನಾನು ಕೊಡುವ ಉತ್ತರ ಬೇರೆ. ಅದನ್ನು ಕಲಿಸಿದ್ದು ನಮ್ಮ ಸಂಸ್ಥೆಯನ್ನು ನಡೆಸುವವರು. ಅವರು ಹೇಗೆ ಕೆಲಸ ಮಾಡುತ್ತಾರೆ ಅನ್ನುವುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಮುಖ್ಯಸ್ಥರನ್ನು ನಾವೆಲ್ಲ ಮೇಡಂ ಅಂತಲೇ ಕರೆಯುತ್ತೇವೆ. ಇಪ್ಪತ್ತು ವರ್ಷ ಪಂಚಾಯಿತಿಗಳ ಲೆಕ್ಕಪತ್ರ ನೋಡಿದವರು. ಟ್ರಸ್ಟಿಗಳಲ್ಲಿ ಒಬ್ಬರು ನಿವೃತ್ತ ಜೂನಿಯರ್ ಎಂಜಿನಿಯರ್. ಇಬ್ಬರೂ ಹವಾಮಾನ ವಿಜ್ಞಾನ ಓದಿದವರಲ್ಲ. ನಾನು ಓದಿದ್ದೆ. ಹಾಗಾಗಿ ಕೆಲಸಕ್ಕೆ ಸೇರಿದಾಗ, ಇವರಿಗೆ ನಾನು ಹೇಳಿಕೊಡಬೇಕಾದ್ದು ಬಹಳ ಇದೆ ಅಂದುಕೊಂಡಿದ್ದೆ.

2023ರ ಮಾರ್ಚ್ ಕೊನೆಯಲ್ಲಿ ಬಿಸಿಲು ಮತ್ತು ಕೂಲಿಕಾರರ ಬಗ್ಗೆ ಒಂದು ವರದಿ ತಯಾರಿಸಿದೆ. ನಲವತ್ತು ಪುಟ. ನಕ್ಷೆ, ಗ್ರಾಫು, ಕೊನೆಗೆ ಹನ್ನೆರಡು ಶಿಫಾರಸು. ಬಯಲು ಸೀಮೆಯಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಏರಿದರೆ, ಅಥವಾ ನೇರವಾಗಿ 45 ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಅನ್ನುತ್ತದೆ. ಕಲಬುರಗಿಯಲ್ಲಿ ಬೇಸಿಗೆಯ ವಾಡಿಕೆಯೇ 40ರ ಆಸುಪಾಸು. ಅಂದರೆ ದಿನಾ 42ರಲ್ಲಿ ಗುದ್ದಲಿ ಹಿಡಿದವರ ಮಟ್ಟಿಗೆ ಆ ಲೆಕ್ಕದಲ್ಲಿ ಬಿಸಿಗಾಳಿ ಬಂದೇ ಇರುವುದಿಲ್ಲ. ಇದನ್ನೆಲ್ಲ ಬರೆದಿದ್ದೆ. ಮೂರನೇ ಶಿಫಾರಸು ಇದಾಗಿತ್ತು: ಬೇಸಿಗೆಯಲ್ಲಿ ಉದ್ಯೋಗ ಖಾತರಿ ಕೂಲಿಕಾರರಿಗೆ ಕೆಲಸದ ಪ್ರಮಾಣ ಇಳಿಸಬೇಕು, ಕೂಲಿ ಇಳಿಸಬಾರದು.

ಮೇಡಂ ವರದಿಯನ್ನು ಮನೆಗೆ ಒಯ್ದು ಪೂರ್ತಿ ಓದಿಕೊಂಡು ಬಂದರು. ಮರುದಿನ ಅಲ್ಮೆರಾ ತೆಗೆದು ಒಂದು ಜೆರಾಕ್ಸ್ ಪ್ರತಿಯನ್ನು ನನ್ನ ಮುಂದಿಟ್ಟರು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕೆಲಸದ ಪ್ರಮಾಣದಲ್ಲಿ ಶೇ 30 ರಿಯಾಯಿತಿ, ಜೂನ್‌ನಲ್ಲಿ ಶೇ 20. ಕೂಲಿ ಪೂರ್ತಿ. ಸರ್ಕಾರದ ಆದೇಶ.

"ನೀನು ಕೇಳ್ಲತ್ತಿದ್ದು ಮೊದಲೇ ಅದ," ಅಂದರು. "ಆದ್ರ ಕೂಲಿ ಮಾಡವ್ರಿಗಿ ಸಿಕ್ಕಿಲ್ಲ. ಯಾಕ ಸಿಕ್ಕಿಲ್ಲ ಅಂತ ಬರ್ದಿದ್ರ ನಿನ್ನ ವರದಿ ಒಂದೇ ಪುಟ ಆಗ್ತಿತ್ತು. ಅದು ನನಗ ಬೇಕಾಗಿತ್ತು."

ಬೈಯಲಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಜೀಪು ಹೊರಡುತ್ತದೆ ಅಂದರು, ಅಷ್ಟೇ.

ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ತೊಗರಿ ಕಟಾವಾಗಿ ಕಟ್ಟಿಗೆಯನ್ನೂ ಎತ್ತಿದ ಹೊಲ, ಅದರಲ್ಲಿ ಬದು ನಿರ್ಮಾಣ. ಏಪ್ರಿಲ್ ಮೊದಲ ವಾರದ ಎರೆಭೂಮಿ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಮೇಲೆ ಅಂಗೈ ತೂರುವಷ್ಟು ಬಿರುಕು, ಬಿರುಕಿನ ನಡುವೆ ಕಲ್ಲಿನಂಥ ಹೆಂಟೆ. ಹಾರೆ ಹಾಕಿದರೆ ಮೊದಲ ಏಟಿಗೆ ಮಣ್ಣು ಏಳುವುದಿಲ್ಲ, ಮೊಳಕೈವರೆಗೆ ಜುಮ್ಮೆನ್ನುತ್ತದೆ. ಅರವತ್ತರ ಹತ್ತಿರ ಜನ ಇದ್ದರು, ಹೆಚ್ಚಿನವರು ಹೆಂಗಸರು.

ಕೆಲಸ ಅಳೆದು ಕೊಡುವವರು ಕಾಯಕ ಬಂಧು. ಅಲ್ಲಿನ ಕಾಯಕ ಬಂಧು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಅವರ ಸೊಂಟಕ್ಕೆ ಒಂದು ಪುಂಡಿನಾರಿನ ಹಗ್ಗ ಸುತ್ತಿತ್ತು. ಅದನ್ನು ಬಿಚ್ಚಿ ನೆಲದ ಮೇಲೆ ಎಳೆದು, ನಾಲ್ಕು ಮೂಲೆಗೆ ಸುಣ್ಣದ ಚುಕ್ಕೆ ಇಡುತ್ತಿದ್ದರು. ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಆಳ. ಒಂದು ಜೋಡಿಗೆ ಒಂದು ದಿನದ ಕೆಲಸ. ಆ ವರ್ಷ ಕೂಲಿ ದಿನಕ್ಕೆ 316 ರೂಪಾಯಿ.

ಮೇಡಂ ಹಗ್ಗದ ಒಂದು ತುದಿ ಹಿಡಿದು ಕೇಳಿದರು, "ಇದು ಎಷ್ಟ್ ಅಡಿ ಅದವ್ವಾ?"

"ಹತ್ತಡಿ ರೀ."

"ಈ ತಿಂಗಳು ಏಳಡಿ ಇರಬೇಕು."

"ಹಂಗಂತ ಯಾರ್ ಹೇಳ್ಯಾರ್ರಿ? ಅಳತಿಗಿ ಬರವ್ರು ಹತ್ತಡಿ ಇಲ್ಲಂದ್ರ ಕೂಲಿ ಕಡೀತಾರ. ಹೋದ ವರ್ಷ ಕಡ್ದಾರ."

ನನ್ನ ನಲವತ್ತು ಪುಟದಲ್ಲಿ ಇಲ್ಲದ ಮಾತು ಇದು. ಬೆಂಗಳೂರಿನಲ್ಲಿ ಸಹಿ ಆದ ಆದೇಶ ಜಿಲ್ಲೆ ದಾಟಿ, ತಾಲ್ಲೂಕು ದಾಟಿ, ಪಂಚಾಯಿತಿಯ ಫೈಲಿನೊಳಗೆ ಬಂದು ಕೂತಿತ್ತು. ಅಲ್ಲಿಂದ ಈ ಹಗ್ಗದ ತನಕ ಎರಡು ಕಿಲೋಮೀಟರು ದಾರಿ. ಆ ಎರಡು ಕಿಲೋಮೀಟರನ್ನು ಅದು ನಡೆದಿರಲಿಲ್ಲ.

ಇದನ್ನು ಇನ್ನೊಂದು ಆದೇಶದ ಪಕ್ಕ ಇಟ್ಟು ನೋಡಿ. ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ. ಒಳ್ಳೆಯ ಆದೇಶ, ಬೇಕಾದ ಆದೇಶ. ಅದು ಬಂದ ಮರುದಿನವೇ ಎಲ್ಲರಿಗೂ ಗೊತ್ತಾಗಿರುತ್ತದೆ, ಬಾಗಿಲ ಮೇಲೆ ಚೀಟಿ ಅಂಟಿರುತ್ತದೆ. ಫ್ಯಾನಿನ ಕೆಳಗೆ ಕೂತವರ ರಿಯಾಯಿತಿ ಒಂದು ದಿನದಲ್ಲಿ ತಲುಪುತ್ತದೆ, ಬಿಸಿಲಿನಲ್ಲಿ ನಿಂತವರದ್ದು ತಲುಪುವುದಿಲ್ಲ. ಇದನ್ನು ನೋಡಿ ನನಗೆ ಸಿಟ್ಟು ಬಂದಿತ್ತು. ಪತ್ರಿಕೆಗೆ ಕೊಡೋಣ ಅಂದೆ. ಮೇಡಂ ಬೇಡ ಅನ್ನಲಿಲ್ಲ. ಮೊದಲು ಅಳತೆ ಬರೆಯುವ ಎಂಜಿನಿಯರ್ ಹತ್ತಿರ ಹೋಗೋಣ, ಆಮೇಲೆ ನೋಡೋಣ ಅಂದರು.

ಆ ಎಂಜಿನಿಯರ್ ಕೆಟ್ಟ ಮನುಷ್ಯ ಆಗಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಲೆ ಮೇಲೆ ಹತ್ತಾರು ಕಾಮಗಾರಿ. ಆದೇಶ ಅವರಿಗೆ ಗೊತ್ತಿತ್ತು. ಭಯ ಇದ್ದಿದ್ದು ಸಾಮಾಜಿಕ ಪರಿಶೋಧನೆಯ ಬಗ್ಗೆ, ಅಂದರೆ ಊರವರ ಮುಂದೆ ಕಾಮಗಾರಿಯ ಲೆಕ್ಕ ತಾಳೆ ನೋಡುವುದರ ಬಗ್ಗೆ. ಅಳತೆ ಪುಸ್ತಕದಲ್ಲಿ ನೂರು ಘನ ಅಡಿಯ ಜಾಗದಲ್ಲಿ ಎಪ್ಪತ್ತು ಬರೆದು ಪೂರ್ತಿ ಕೂಲಿ ಕೊಟ್ಟರೆ, ನಾಳೆ ಯಾರಾದರೂ ಅದನ್ನು ಹಿಡಿದು ವಸೂಲಿ ಹಾಕಿದರೆ? ಅದು ಅವರ ಸಂಬಳದಿಂದ ಹೋಗುತ್ತದೆ.

ಇಲ್ಲಿ ನಮ್ಮ ನಿವೃತ್ತ ಜೆಇ ಸರ್ ಮಾಡಿದ ಕೆಲಸವನ್ನು ನಾನು ಯಾವ ಕೋರ್ಸಿನಲ್ಲೂ ಕಲಿಯುತ್ತಿರಲಿಲ್ಲ. ಅವರು ಆ ಹುಡುಗನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ತಾವೂ ಮೂವತ್ತು ವರ್ಷ ಅಳತೆ ಪುಸ್ತಕ ಬರೆದವರು, ಆ ಭಯವನ್ನು ಉಂಡವರು. ಷರಾ ಅನ್ನುವ ಕಾಲಮ್ಮಿನಲ್ಲಿ ಏನು ಬರೆಯಬೇಕು, ಆದೇಶದ ಸಂಖ್ಯೆ ಎಲ್ಲಿ ನಮೂದಿಸಬೇಕು, ಅದರ ಪ್ರತಿಯನ್ನು ಯಾವ ಪುಟಕ್ಕೆ ಲಗತ್ತಿಸಬೇಕು ಅಂತ ಒಂದು ಮಾದರಿ ಪುಟವನ್ನೇ ಕೈಯಾರೆ ಬರೆದು ತೋರಿಸಿದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನೂ ಕರೆಸಿ ಓದಿಸಿದರು. ಒಂದೂವರೆ ತಾಸು ಹಿಡಿಯಿತು. ಅಷ್ಟೂ ಹೊತ್ತು ಅವರು ಹವಾಮಾನ ಅನ್ನುವ ಪದವನ್ನು ಒಮ್ಮೆಯೂ ಬಳಸಲಿಲ್ಲ.

ಎರಡು ದಿನದ ನಂತರ ಹೊಲಕ್ಕೆ ಹೋದಾಗ ಕಾಯಕ ಬಂಧು ಹಗ್ಗದ ಏಳಡಿ ಜಾಗಕ್ಕೆ ಗಂಟು ಹಾಕಿದ್ದರು. ಹತ್ತಡಿ ಉದ್ದ, ಏಳಡಿ ಅಗಲ. ಗಂಟು ಹೊಸದು, ನಾರು ಇನ್ನೂ ಬಿಳಿಯಾಗಿತ್ತು.

ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮೇಡಂ ಗಡಿಯಾರ ನೋಡುತ್ತಿದ್ದರು.

ಕೂಲಿಕಾರರ ಹಾಜರಿಗೆ ಮೊಬೈಲ್ ಆ್ಯಪಿನಲ್ಲಿ ದಿನಕ್ಕೆ ಎರಡು ಫೋಟೋ ಬೇಕಿತ್ತು. 2023ರ ಜನವರಿಯಿಂದ ಅದು ಎಲ್ಲ ಕಡೆ ಕಡ್ಡಾಯವಾಗಿತ್ತು. ಮೊದಲ ಫೋಟೋ ಆಗಿ ನಾಲ್ಕು ತಾಸಿನ ನಂತರವೇ ಎರಡನೆಯದು. ಅಲ್ಲಿ ಮೊದಲ ಫೋಟೋ ಆಗುತ್ತಿದ್ದಿದ್ದು ಒಂಬತ್ತಕ್ಕೆ. ಅಂದರೆ ಏಳಡಿಯನ್ನು ಹನ್ನೊಂದಕ್ಕೇ ಮುಗಿಸಿದರೂ ಒಂದು ಗಂಟೆಯವರೆಗೆ ಅಲ್ಲೇ ಕಾಯಬೇಕು. ನೆರಳು ಅಂದರೆ ಒಂದು ಜಾಲಿಗಿಡ. ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು ಅಂತ ಉದ್ಯೋಗ ಖಾತರಿ ಕಾಯ್ದೆಯ ಅನುಸೂಚಿಯಲ್ಲೇ ಇತ್ತು. ಅವತ್ತು ಅಲ್ಲಿ ಇದ್ದಿದ್ದು ಎರಡು ಕೊಡ ನೀರು, ಅದೂ ಹೆಂಗಸರು ಮನೆಯಿಂದ ಹೊತ್ತು ತಂದದ್ದು.

"ಆರೂವರಿಗೇ ಯಾಕ ಬರಲ್ಲ?" ಅಂತ ನಾನು ಕೇಳಿದೆ.

ಒಬ್ಬ ಅಜ್ಜಿ ನನ್ನನ್ನು ನೋಡಿದರು. "ನಳಾ ಬರೋದೇ ಆರಕ್ಕ ಅಲ್ಲಪಾ. ನೀರ್ ಬಿಟ್ಟು ಯಾರ್ ಬರ್ತಾರ?"

ಬೇಸಿಗೆಯಲ್ಲಿ ಆ ಊರಿಗೆ ನೀರು ಬರುತ್ತಿದ್ದಿದ್ದು ಆಗ ಮಾತ್ರ. ಬೆಳಿಗ್ಗೆ ಆರರಿಂದ ಎಂಟು. ಆಮೇಲೆ ರೊಟ್ಟಿ, ಮಕ್ಕಳು, ಹಾಗಾಗಿ ಒಂಬತ್ತು. ಇಡೀ ಊರಿನ ಹೆಂಗಸರನ್ನು ಮಧ್ಯಾಹ್ನದ ಬಿಸಿಲಿಗೆ ತಂದು ನಿಲ್ಲಿಸುತ್ತಿದ್ದಿದ್ದು ಒಂದು ವಾಲ್ವ್. ಮೇಡಂ ಅಲ್ಲಿಂದ ನೇರ ವಾಟರ್‌ಮನ್ ಮನೆಗೆ ಹೋದರು. ತ್ರೀಫೇಸ್ ಕರೆಂಟ್ ಬಂದಾಗ ಬೋರಿನಿಂದ ಟ್ಯಾಂಕ್ ತುಂಬುತ್ತದೆ. ಆ ಊರಿನಲ್ಲಿ ಕರೆಂಟ್ ಮಧ್ಯಾಹ್ನವೂ ಬರುತ್ತಿತ್ತು, ಸಂಜೆ ಹೊತ್ತಿಗೆ ಟ್ಯಾಂಕ್ ತುಂಬಿರುತ್ತಿತ್ತು. ಹಿಂದಿನವರು ಬೆಳಿಗ್ಗೆ ಬಿಡುತ್ತಿದ್ದರು ಅಂತ ಇವರೂ ಬೆಳಿಗ್ಗೆಯೇ ಬಿಡುತ್ತಿದ್ದರು. ಸಂಜೆ ಆರಕ್ಕೆ ಬಿಟ್ಟರೆ ಆಗುತ್ತದಾ ಅಂತ ಕೇಳಿದಾಗ, "ಆಗ್ತದ್ರಿ, ಯಾರೂ ಕೇಳಿಲ್ಲ" ಅಂದರು.

ಮರುವಾರದಿಂದ ಮೊದಲ ಫೋಟೋ ಆರೂವರೆಗೆ, ಎರಡನೆಯದು ಹತ್ತೂವರೆಗೆ. ಹನ್ನೊಂದರೊಳಗೆ ಎಲ್ಲರೂ ಮನೆಯಲ್ಲಿ.

ಎಲ್ಲ ಊರಲ್ಲೂ ಇದು ನಡೆಯಲಿಲ್ಲ. ನಾವು ಕೈ ಹಾಕಿದ ಇನ್ನೆರಡು ಹಳ್ಳಿಗಳಲ್ಲಿ ಕರೆಂಟ್ ಬರುವುದೇ ನಸುಕಿನಲ್ಲಿ, ಟ್ಯಾಂಕೂ ಚಿಕ್ಕದು. ಅಲ್ಲಿ ಒಂಬತ್ತರ ಫೋಟೋ ಒಂಬತ್ತಕ್ಕೇ ಉಳಿಯಿತು. ಆ ಎರಡು ಊರಿನ ಹೆಸರು ಇವತ್ತಿಗೂ ಆಫೀಸಿನ ಬೋರ್ಡಿನ ಮೇಲಿದೆ, ಮೇಡಂ ಅಳಿಸಲು ಬಿಡುವುದಿಲ್ಲ.

ವಾಪಸು ಬರುವಾಗ ಅವರು ಅಹಮದಾಬಾದಿನ ಮಾತು ತೆಗೆದರು. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿ ಮುಟ್ಟಿತ್ತು, ಆ ತಿಂಗಳು ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವು ಸಂಭವಿಸಿದ್ದವು. 2013ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಬಿಸಿಲಿಗಾಗಿಯೇ ಒಂದು ಕ್ರಿಯಾ ಯೋಜನೆ ಮಾಡಿತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಅದರ ಹಿಂದೆ ನಿಂತವರಲ್ಲಿ ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯ ದಿಲೀಪ್ ಮಾವಳಂಕರ್ ಒಬ್ಬರು. ಮುನ್ಸೂಚನೆ ಬಂದ ದಿನ ಪಾಲಿಕೆಯಲ್ಲಿ ಯಾರು, ಯಾರಿಗೆ ತಿಳಿಸಬೇಕು, ಆಸ್ಪತ್ರೆ ಏನು ತಯಾರಿ ಮಾಡಬೇಕು ಅನ್ನುವುದನ್ನು ಹಂಚಿಕೊಟ್ಟಿದ್ದೇ ಅದರ ಬಲ. "ಅದರಾಗ ನಾ ಮೊದಲು ನೋಡಿದ್ದು ಯಾರ ಕೆಲಸ ಯಾವುದು ಅನ್ನೋ ಪುಟ," ಅಂದರು ಮೇಡಂ. ನಾನೂ ಆ ಯೋಜನೆಯನ್ನು ಓದಿದ್ದೆ. ಓದಿದ್ದು ಗ್ರಾಫುಗಳನ್ನು.

ಮುಂದಿನ ವರ್ಷ ಟ್ರಸ್ಟಿನಲ್ಲಿ ಒಂದು ಸ್ಥಾನ ಖಾಲಿಯಾಯಿತು. ಹಣ ಕೊಡುವವರ ಕಡೆಯಿಂದ, ಹೆಸರಿರುವ ಒಬ್ಬ ತಜ್ಞರನ್ನು ತೆಗೆದುಕೊಂಡರೆ ಒಳ್ಳೆಯದು ಅನ್ನುವ ಸೂಚನೆ ಇತ್ತು. ಮೇಡಂ ಆ ಹಳ್ಳಿಯ ಕಾಯಕ ಬಂಧುವಿನ ಹೆಸರು ಮುಂದಿಟ್ಟರು. ನಮ್ಮಲ್ಲೇ ಕೆಲವರಿಗೆ ಅನುಮಾನ ಇತ್ತು. ಅವರು ಓದಿದ್ದು ಎಸ್ಸೆಸ್ಸೆಲ್ಸಿ, ಸಭೆಯ ಕಾಗದ ಅರ್ಧ ಇಂಗ್ಲಿಷಿನಲ್ಲಿರುತ್ತದೆ. ಇಳಾ ಭಟ್ 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ, ದುಡಿಯುವ ಹೆಂಗಸರ 'ಸೇವಾ' ಸಂಘದಲ್ಲಿ ಕೂಲಿ ಮಾಡುವ ಹೆಂಗಸರೇ ಕಾರ್ಯಕಾರಿ ಸಮಿತಿಯಲ್ಲಿ ಕೂರುತ್ತಾರೆ, ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು ಅಂತ ಜೆಇ ಸರ್ ವಾದಿಸಿದರು. ಕೊನೆಗೆ ಎಲ್ಲರೂ ಒಪ್ಪಿದೆವು. ಅವತ್ತಿನಿಂದ ಸಭೆಯ ಕಾಗದ ಪೂರ್ತಿ ಕನ್ನಡದಲ್ಲಿ ಬರುತ್ತಿದೆ, ಅದನ್ನು ತಯಾರಿಸುವುದು ನನ್ನ ಪಾಲಿನ ಕೆಲಸ. ಕನ್ನಡದಲ್ಲಿ ಬರೆಯಲು ಕೂತಾಗ ನನ್ನ ಎಷ್ಟೋ ವಾಕ್ಯಗಳಲ್ಲಿ ಹುರುಳಿಲ್ಲ ಅಂತ ನನಗೇ ಕಾಣತೊಡಗಿತು. 'ಹೊಂದಾಣಿಕೆ ಸಾಮರ್ಥ್ಯದ ಬಲವರ್ಧನೆ' ಅಂತ ಬರೆದು, ಇದನ್ನು ಆಕೆಗೆ ಹೇಗೆ ಹೇಳಲಿ ಅಂತ ಯೋಚಿಸಿ, ಅಳಿಸಿ, 'ಸಂಜೆ ನೀರು ಬಿಡುವುದು' ಅಂತ ಬರೆದಿದ್ದೇನೆ.

ಅವರ ಮೊದಲ ಸಭೆ ಮೇ ಕೊನೆಯ ವಾರ. ಹೊರಗೆ ಬಿಸಿಲು, ಒಳಗೆ ಎಲ್ಲರ ಮುಂದೆ ಒಂದೊಂದು ಲೋಟ ಮಜ್ಜಿಗೆ. ಬಜೆಟ್ ಆಯಿತು, ಹೊಸ ಯೋಜನೆಯ ಮಾತು ಆಯಿತು. ಅವರು ಅಲ್ಲಿಯವರೆಗೆ ಏನೂ ಮಾತಾಡಿರಲಿಲ್ಲ. ಮೇಡಂ ಇನ್ನೇನಾದರೂ ಇದೆಯಾ ಅಂತ ಕೇಳಿದಾಗ ಕೈಚೀಲದಿಂದ ಹಗ್ಗ ತೆಗೆದು ಮೇಜಿನ ಮೇಲೆ ಇಟ್ಟರು. ವರ್ಷದ ಮಣ್ಣು ಹತ್ತಿ ಗಂಟು ಈಗ ಹಗ್ಗದ ಬಣ್ಣಕ್ಕೇ ತಿರುಗಿತ್ತು.

"ಬರೋ ವಾರ ಜೂನ್ ಹತ್ತತದ್ರಿ," ಅಂದರು. "ಜೂನ್‌ದಾಗ ಎಂಟಡಿ ಅಲ್ರಿ? ನಮ್ಮೂರಾಗ ನಾ ಗಂಟ್ ಬಿಚ್ಚಿ ಹಾಕ್ತೀನಿ. ಉಳಿದ ಊರಾಗ ಯಾರ್ ಹೇಳ್ತಾರ?"

ಮೇಡಂ ಪೆನ್ನು ತೆಗೆದುಕೊಂಡು ಊರುಗಳ ಪಟ್ಟಿ ಕೇಳಿದರು.