ಇಂಗ್ಲೆಂಡಿನ ಹಳ್ಳಿಗಳಲ್ಲಿ ತಕ್ಕಡಿ ಕಾಯುವವರು

ಊರಿಂದ ಯಾರೇ ಬಂದರೂ ಇಲ್ಲಿ ಮೊಟ್ಟೆ ಗೂಡಿನ ಫೋಟೋ ತೆಗೆಯದೆ ಹೋಗುವುದಿಲ್ಲ. ನಾವಿರುವ ಹ್ಯಾಂಪ್‌ಶೈರ್ ಕಡೆಯ ಹಳ್ಳಿ ರಸ್ತೆಗಳಲ್ಲಿ ಮನೆ ಗೇಟಿನ ಪಕ್ಕ ಒಂದು ಮರದ ಗೂಡು ಇರುತ್ತದೆ. ಅದರಲ್ಲಿ ಆರಾರು ಮೊಟ್ಟೆಯ ಡಬ್ಬಿಗಳು, ಪಕ್ಕದಲ್ಲಿ ದುಡ್ಡು ಹಾಕೋಕೆ ಒಂದು ಡಬ್ಬ. ಕಾಯುವವರು ಯಾರೂ ಇಲ್ಲ. "ಎಂಥಾ ಪ್ರಾಮಾಣಿಕ ಜನ ನೋಡು!" ಅಂತ ನಮ್ಮ ಮಾವ ಇಲ್ಲಿ ಇರುವಷ್ಟು ದಿನವೂ ಹೇಳುತ್ತಿದ್ದರು. ಕೊನೆಗೆ ಅವರನ್ನು ವಿಂಚೆಸ್ಟರ್ ಊರಿನ ವೆಸ್ಟ್‌ಗೇಟ್ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಹಳೇ ರಾಜರ ಕಾಲದ ತೂಕದ ಬಟ್ಟುಗಳು, ಅಳತೆ ಪಾತ್ರೆಗಳು ಅಲ್ಲಿವೆ. ಸಂತೆಯ ಬಟ್ಟು ಸರಿ ಇದೆಯಾ ಅಂತ ಇವುಗಳ ಜೊತೆ ಹೋಲಿಸಿ ನೋಡುತ್ತಿದ್ದರು. "ಎಲ್ಲರೂ ಪ್ರಾಮಾಣಿಕರಾಗಿದ್ದರೆ ಇದೆಲ್ಲ ಯಾಕೆ ಬೇಕಿತ್ತು ಮಾವ?" ಅಂದೆ. ಅವರು ನಕ್ಕು ಸುಮ್ಮನಾದರು.

ಇಲ್ಲಿನ ಅಂಗಡಿಯವರು ಈಗ ತೂಕ ಸರಿಯಾಗಿ ಕೊಡುವುದು ಹುಟ್ಟುಗುಣದಿಂದಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾರೋ ಒಬ್ಬರು ನೂರಾರು ವರ್ಷ ಬೆನ್ನು ಬಿಡದೆ ಬಾಗಿಲು ತಟ್ಟಿದ್ದರಿಂದ ಬಂದ ಅಭ್ಯಾಸ ಇದು. ಬಾಗಿಲು ತಟ್ಟುವವರು ಕಡಿಮೆಯಾದ ಕಡೆ ಇವತ್ತಿಗೂ ತೂಕ ಅಲ್ಲಾಡುತ್ತದೆ.

1215ರಲ್ಲಿ ಇಲ್ಲಿನ ರಾಜ ಒಪ್ಪಿಕೊಂಡ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾದಲ್ಲೇ ರಾಜ್ಯಕ್ಕೆಲ್ಲ ವೈನಿಗೆ, ಏಲ್‌ಗೆ (ಒಂದು ಬಗೆಯ ಬಿಯರ್), ಧಾನ್ಯಕ್ಕೆ ಒಂದೊಂದೇ ಅಳತೆ ಇರಬೇಕು ಅಂತ ಬರೆದಿದ್ದಾರೆ. ಬರೆದದ್ದೇ ಬಂತು, ನಿಜಕ್ಕೂ ಒಂದಾಗಲು ಆರುನೂರು ವರ್ಷ ಬೇಕಾಯಿತು. ಅದೇ ಶತಮಾನದಲ್ಲಿ ಬ್ರೆಡ್ಡು ಮತ್ತು ಏಲ್ ಬಗ್ಗೆ ಇನ್ನೊಂದು ಕಟ್ಟಳೆ ಬಂತು. ಗೋಧಿ ದುಬಾರಿಯಾದರೆ ಬ್ರೆಡ್ಡಿನ ಬೆಲೆ ಏರುತ್ತಿರಲಿಲ್ಲ, ಬ್ರೆಡ್ಡೇ ಚಿಕ್ಕದಾಗುತ್ತಿತ್ತು. ಎಷ್ಟು ಚಿಕ್ಕದಾಗಬಹುದು ಅನ್ನುವುದಕ್ಕೂ ಲೆಕ್ಕವಿತ್ತು. ತೂಕ ತಪ್ಪಿ ಸಿಕ್ಕಿಬೀಳುವ ಭಯಕ್ಕೇ ಬೇಕರಿಯವರು ಹನ್ನೆರಡಕ್ಕೆ ಒಂದು ಕೊಸರು ಹಾಕಿ ಹದಿಮೂರು ಕೊಡುತ್ತಿದ್ದರು ಅಂತ ಇಲ್ಲಿ ಈಗಲೂ ಹೇಳುತ್ತಾರೆ.

ಹಳ್ಳಿಗಳಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದದ್ದು ಜಮೀನುದಾರನ ಕೋರ್ಟು. ಏಲ್ ರುಚಿ ನೋಡಿ, ಅಳತೆ ಪರೀಕ್ಷೆ ಮಾಡುವುದಕ್ಕೆ ಊರಿನವರನ್ನೇ ನೇಮಿಸುತ್ತಿದ್ದರು. ಮನೆಯಲ್ಲಿ ಏಲ್ ಮಾಡಿ ಮಾರುತ್ತಿದ್ದವರು ಹೆಚ್ಚಾಗಿ ಹೆಂಗಸರು. ಆ ಕೋರ್ಟಿನ ದಾಖಲೆಗಳಲ್ಲಿ ಅದೇ ಹೆಸರುಗಳು, ಅದೇ ಪುಡಿ ದಂಡ, ಪ್ರತಿ ಸಲವೂ ಇರುತ್ತವೆ. ಅಂದರೆ ದಂಡ ಕಟ್ಟುವುದು ಶಿಕ್ಷೆಯಾಗಿ ಉಳಿದಿರಲಿಲ್ಲ, ವ್ಯಾಪಾರ ಮಾಡುವ ಪರವಾನಗಿಯಾಗಿತ್ತು. ನಮ್ಮ ಭಾಷೆಯಲ್ಲಿ ಮಾಮೂಲು. ರಸೀದಿ ಒಂದು ಇತ್ತು, ಅಷ್ಟೇ ವ್ಯತ್ಯಾಸ.

ಡಾರ್ಸೆಟ್‌ನ ವೇರ್‌ಹ್ಯಾಮ್ ಎಂಬ ಪುಟ್ಟ ಊರಿನಲ್ಲಿ ಆ ಕೋರ್ಟು ಇನ್ನೂ ಉಳಿದಿದೆ. ನವೆಂಬರ್ ಕೊನೆಯ ಸಂಜೆಗಳಲ್ಲಿ ಏಲ್ ರುಚಿ ನೋಡುವವರು, ಬ್ರೆಡ್ ತೂಗುವವರು, ಮಾಂಸ ನೋಡುವವರು, ಚಿಮಣಿ ಇಣುಕುವವರು ಅಂತ ದೊಡ್ಡ ಪಟಾಲಂ ಪಬ್ಬಿಂದ ಪಬ್ಬಿಗೆ ಹೊರಡುತ್ತದೆ. ಈಗ ಅದು ಬರೀ ತಮಾಷೆ. ಏಲ್ ಪರೀಕ್ಷೆ ಮಾತ್ರ ಬಹಳ ಶ್ರದ್ಧೆಯಿಂದ ನಡೆಯುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ತಮಾಷೆಯಲ್ಲದ ಕಥೆ ಶುರುವಾಗುವುದು 1795ರಲ್ಲಿ. ಬೆಳೆ ಕೈಕೊಟ್ಟು ಬ್ರೆಡ್ ಬೆಲೆ ಗಗನಕ್ಕೇರಿತ್ತು, ಸಂತೆಗಳಲ್ಲಿ ಗಲಾಟೆ. ಅನೇಕ ಕಡೆ ಮುಂದೆ ನಿಂತವರು ಹೆಂಗಸರೇ. ಬೆಲೆ ಜಾಸ್ತಿ, ಅದರ ಮೇಲೆ ತೂಕವೂ ಕಡಿಮೆ ಅಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಆ ವರ್ಷ ಬಂದ ಕಾಯ್ದೆಯ ಪ್ರಕಾರ ಜಿಲ್ಲೆಯ ಮ್ಯಾಜಿಸ್ಟ್ರೇಟರು ತನಿಖೆದಾರರನ್ನು ನೇಮಿಸಬಹುದಾಯಿತು. ಅವರು ಅಂಗಡಿಗೆ ನುಗ್ಗಿ ತಕ್ಕಡಿ ನೋಡಬಹುದು, ಸುಳ್ಳು ಬಟ್ಟು ಸಿಕ್ಕರೆ ಜಪ್ತಿ ಮಾಡಬಹುದು.

ಮೋಸದ ದಾರಿಗಳೂ ಒಂದೆರಡಲ್ಲ. ತಟ್ಟೆಯ ಅಡಿಗೆ ಮೇಣ, ಒಂದು ಕೈ ಉದ್ದ ಒಂದು ಕೈ ಗಿಡ್ಡ ಇರುವ ತಕ್ಕಡಿ, ಎತ್ತರಿಸಿದ ತಳದ ಅಳತೆ ಪಾತ್ರೆ. ಕಿರಾಣಿಯವರದ್ದು ಇನ್ನೂ ನಾಜೂಕು: ದಪ್ಪ ಕಾಗದದ ಪೊಟ್ಟಣ ಕಟ್ಟಿ, ಕಾಗದವನ್ನೂ ಟೀ ಪುಡಿ ಬೆಲೆಗೆ ತೂಗಿ ಕೊಡುವುದು. ಇದು ಎಷ್ಟು ಮಾಮೂಲಿಯಾಗಿತ್ತು ಅಂದರೆ, ಪೊಟ್ಟಣ ಬಿಟ್ಟು ಬರೀ ಟೀಯನ್ನೇ ತೂಗಬೇಕು ಅಂತ ಹೇಳುವುದಕ್ಕೆ 1922ರಲ್ಲಿ ಒಂದು ಪ್ರತ್ಯೇಕ ಕಾಯ್ದೆಯೇ ಬೇಕಾಯಿತು.

ನನಗೆ ತುಂಬಾ ಇಷ್ಟವಾದದ್ದು ಬ್ರೆಡ್ಡಿನ ಕಥೆ. ಲಂಡನ್ನಿನ ಹೊರಗಿನ ಊರುಗಳಿಗೆ 1836ರಲ್ಲಿ ಬಂದ ಕಾಯ್ದೆ, ಬ್ರೆಡ್ಡನ್ನು ತೂಕಕ್ಕೇ ಮಾರಬೇಕು ಅಂದಿತು. ಗಾಡಿಯಲ್ಲಿ ಹಳ್ಳಿ ಹಳ್ಳಿಗೆ ಹೋಗುವ ಬೇಕರಿಯವನೂ ತಕ್ಕಡಿ, ಬಟ್ಟು ಜೊತೆಗೇ ಇಟ್ಟುಕೊಳ್ಳಬೇಕು, ಗಿರಾಕಿ ಕೇಳಿದರೆ ಅಲ್ಲೇ ತೂಗಿ ತೋರಿಸಬೇಕು. ಒಳ್ಳೆಯ ಕಾಯ್ದೆ ಅಲ್ವಾ? ಆದರೆ ಕಾಯ್ದೆ ಬರೆದವರು ಒಂದು ಕಿಂಡಿ ಬಿಟ್ಟಿದ್ದರು. ರೋಲ್, ಫ್ರೆಂಚ್ ಬ್ರೆಡ್ ಮತ್ತು "ಫ್ಯಾನ್ಸಿ ಬ್ರೆಡ್"ಗೆ ಈ ನಿಯಮ ಇಲ್ಲ. ಫ್ಯಾನ್ಸಿ ಅಂದರೆ ಏನು ಅಂತ ಯಾರೂ ಬರೆಯಲಿಲ್ಲ. ಸಿಕ್ಕಿಬಿದ್ದವನು "ಇದು ಮಾಮೂಲಿ ಬ್ರೆಡ್ ಅಲ್ಲ ಸ್ವಾಮಿ, ಫ್ಯಾನ್ಸಿ" ಅಂತ ವಾದ ಹೂಡಬಹುದಿತ್ತು. ನ್ಯಾಯಾಧೀಶರು ಕೂತು ಬ್ರೆಡ್ಡಿನ ಆಕಾರ, ಹೊರಪದರ, ಬೇಯಿಸಿದ ರೀತಿ ಎಲ್ಲಾ ವಿಚಾರಿಸಬೇಕಾಗುತ್ತಿತ್ತು.

ಇದರ ಮಧ್ಯೆ 1834ರಲ್ಲಿ ಪಾರ್ಲಿಮೆಂಟಿಗೆ ಬೆಂಕಿ ಬಿದ್ದು, ದೇಶಕ್ಕೆಲ್ಲ ಮೂಲ ಅಳತೆಯಾಗಿದ್ದ ಗಜ ಮತ್ತು ಪೌಂಡು ಎರಡೂ ಹಾಳಾದವು. ಬೆಂಕಿ ಹತ್ತಿದ್ದು, ಹಿಂದೆ ಸರ್ಕಾರಿ ಲೆಕ್ಕ ಇಡಲು ಗೀಟು ಕೊರೆಯುತ್ತಿದ್ದ ಹಳೇ ಮರದ ಕಡ್ಡಿಗಳನ್ನು ಸುಡಲು ಹೋಗಿ.

ಹತ್ತೊಂಬತ್ತನೇ ಶತಮಾನದ ನಡುವೆ ಜಿಲ್ಲಾ ಪೊಲೀಸ್ ವ್ಯವಸ್ಥೆ ಬಂದ ಮೇಲೆ ಅನೇಕ ಕಡೆ ತಕ್ಕಡಿ ನೋಡುವ ಕೆಲಸವನ್ನೂ ಪೊಲೀಸರ ತಲೆಗೇ ಕಟ್ಟಿದರು. ಒಂದೇ ಸಂಬಳ, ಎರಡು ಕೆಲಸ. ಆದರೆ ಹಳ್ಳಿಯಲ್ಲಿ ಯೂನಿಫಾರ್ಮು ಹಾಕಿಕೊಂಡವನು ಬರುವುದು ಯಾರಿಗೆ ಕಾಣುವುದಿಲ್ಲ? ಅವನು ಮೊದಲ ಅಂಗಡಿಯಿಂದ ಹೊರಬರುವಷ್ಟರಲ್ಲಿ ಕೊನೆಯ ಅಂಗಡಿಯವನು ತಟ್ಟೆ ಒರೆಸಿಟ್ಟಿರುತ್ತಾನೆ. ಕಾಯ್ದೆಯೂ ಅಂಗಡಿಯವನ ಉದ್ದೇಶ ಏನು ಅಂತ ಕೇಳುತ್ತಿರಲಿಲ್ಲ. ವ್ಯಾಪಾರದ ಜಾಗದಲ್ಲಿ ತಪ್ಪು ಬಟ್ಟು ಇದ್ದರೆ ಸಾಕು, ಅದೇ ಅಪರಾಧ. 1878ರ ಕಾಯ್ದೆಯಲ್ಲಿ ಮೊದಲ ಸಲ ಐದು ಪೌಂಡ್‌ವರೆಗೆ ದಂಡ, ಎರಡನೇ ಸಲ ಹತ್ತು. ವರ್ಷಗಟ್ಟಲೆ ಸವೆದ ಬಟ್ಟು ಇಟ್ಟುಕೊಂಡ ಪಾಪದ ಮುದುಕಿಯೂ, ಬೇಕಂತಲೇ ಕೊರೆದವನೂ ಒಂದೇ ಕಟಕಟೆಯಲ್ಲಿ. ಇದು ಕಠೋರ ಅನ್ನಿಸಬಹುದು. ನನಗೇನೋ ಬೇರೆ ದಾರಿ ಇರಲಿಲ್ಲ ಅನ್ನಿಸುತ್ತದೆ. "ಗೊತ್ತಿರಲಿಲ್ಲ" ಅನ್ನುವುದನ್ನು ಒಪ್ಪಿಕೊಂಡಿದ್ದರೆ ಒಬ್ಬನೂ ಸಿಗುತ್ತಿರಲಿಲ್ಲ.

ತಕ್ಕಡಿಗಿಂತ ಕಷ್ಟವಾದದ್ದು ಅಳೆದು ಮಾರುವ ಸಾಮಾನು. ಧಾನ್ಯ ಅಳೆಯುವ ವಿಂಚೆಸ್ಟರ್ ಬುಷೆಲ್ ಎಂಬ ಅಳತೆ ಅಂದರೆ ಎಂಟು ಗ್ಯಾಲನ್. ಉತ್ತರದ ಕಾರ್ಲೈಲ್‌ನಲ್ಲಿ ಅದರ ಮೂರರಷ್ಟು. ಸೇಬು, ಆಲೂಗಡ್ಡೆಗಳನ್ನು ಗೋಪುರದಂತೆ ರಾಶಿ ಮಾಡಿ ಕೊಡುತ್ತಿದ್ದರು. ಗೋಪುರ ಎಷ್ಟು ಎತ್ತರ ಅನ್ನುವುದು ಮಾರುವವನ ಕೈಯಲ್ಲಿ. ನಮ್ಮಲ್ಲೂ ಸೇರಿನಲ್ಲಿ ತಲೆ ತಟ್ಟಿ ಅಳೆಯುವುದಾ, ರಾಶಿ ಮಾಡುವುದಾ ಅಂತ ಜಗಳ ಇತ್ತಲ್ಲ, ಅದೇ. ಇಲ್ಲಿ ರಾಶಿ ಅಳತೆಯನ್ನು 1830ರ ದಶಕದ ಕಾಯ್ದೆಗಳು ನಿಲ್ಲಿಸಿದವು.

ನಿಲ್ಲಿಸಿದವು ಅನ್ನುವುದು ಪುಸ್ತಕದ ಮಾತು. ನಮ್ಮ ಹಳ್ಳಿಗೆ ಗ್ಯಾಸ್ ಪೈಪ್ ಇಲ್ಲ. ಮನೆ ಬೆಚ್ಚಗಿಡಲು ಸೀಮೆಎಣ್ಣೆಯಂಥ ಎಣ್ಣೆ ತರಿಸುತ್ತೇವೆ, ಜೊತೆಗೆ ಒಲೆಗೆ ಸೌದೆ. ಎಣ್ಣೆ ಟ್ಯಾಂಕರಿಗೆ ಸೀಲು ಹಾಕಿದ ಮೀಟರ್ ಇರುತ್ತದೆ, ಎಷ್ಟು ಲೀಟರ್ ಅಂತ ಚೀಟಿ ಅಚ್ಚಾಗಿ ಬರುತ್ತದೆ. ಸೌದೆಗೆ ಇದ್ಯಾವುದೂ ಇಲ್ಲ. "ಒಂದು ಲೋಡ್" ಅನ್ನುತ್ತಾರೆ. ಯಾರ ಗಾಡಿಯ ಲೋಡು? "ಒಂದು ದೊಡ್ಡ ಚೀಲ" ಅನ್ನುತ್ತಾರೆ. ಹೋದ ಚಳಿಗಾಲ ಒಬ್ಬರಿಂದ ತರಿಸಿದ ಚೀಲದ ಸೌದೆಯನ್ನು ಗೋಡೆಗೆ ಒತ್ತಾಗಿ ಜೋಡಿಸಿದಾಗ, ಚೀಲದಲ್ಲಿ ಅರ್ಧಕ್ಕರ್ಧ ಗಾಳಿಯೇ ಇತ್ತು ಅನ್ನಿಸಿತು. 2021ರ ಮೇ ತಿಂಗಳಿಂದ ಇಂಗ್ಲೆಂಡಿನಲ್ಲಿ ಎರಡು ಘನ ಮೀಟರಿಗಿಂತ ಕಡಿಮೆ ಮಾರುವ ಸೌದೆಯಲ್ಲಿ ಶೇಕಡಾ 20ಕ್ಕಿಂತ ಜಾಸ್ತಿ ನೀರಿನಂಶ ಇರಬಾರದು. ಅದು ಹೊಗೆ ಕಡಿಮೆ ಮಾಡಲು ಬಂದ ನಿಯಮ, ಚೀಲದೊಳಗಿನ ಗಾಳಿಗೆ ಮದ್ದಲ್ಲ.

ದೂರು ಕೊಡಲು ಫೋನ್ ಸಹಾಯವಾಣಿ ಇದೆ, ಅವರು ಕೌಂಟಿ ಕೌನ್ಸಿಲ್ಲಿನ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೆ ತಿಳಿಸುತ್ತಾರೆ. ಹಳೇ ತಕ್ಕಡಿ ಇನ್‌ಸ್ಪೆಕ್ಟರನ ವಾರಸುದಾರರು ಇವರೇ. ಈಗ ಅವರ ಮೇಲೆ ನಕಲಿ ಸಿಗರೇಟು, ಆನ್‌ಲೈನ್ ಮೋಸ ಎಲ್ಲಾ ಬಿದ್ದಿದೆ. ನನ್ನ ಒಂದು ಚೀಲಕ್ಕೆ ಯಾರು ಬರುತ್ತಾರೆ? ಪಕ್ಕದ ಮನೆಯ ಅಜ್ಜ ಹೇಳಿದ ಉಪಾಯವೇ ವಾಸಿ. ಫೋನಿನಲ್ಲೇ "ಸುರಿದದ್ದಾ, ಜೋಡಿಸಿದ್ದಾ? ಎಷ್ಟು ಘನ ಮೀಟರ್?" ಅಂತ ಕೇಳಬೇಕು, ಬಂದಾಗ ಟೇಪು ಹಿಡಿದುಕೊಂಡು ಗೇಟಿನಲ್ಲಿ ನಿಂತಿರಬೇಕು. ಅಳೆಯಲೇಬೇಕಾಗಿಲ್ಲವಂತೆ, ಟೇಪು ಕಂಡರೆ ಸಾಕಂತೆ.